ಮುಂದಿನ ಪುಟ ತೆರೆಯುವವರೆಗೆ

ವಿಜಯಪುರದ ಆ ಸಂಸ್ಥೆಯ ಆಫೀಸಿಗೆ ಒಂದು ಸೋಮವಾರ ಎರಡು ಟ್ಯಾಬ್‌ಗಳು ಬಂದವು. ಒಂದು ಅಂಗೈಗಿಂತ ತುಸು ದೊಡ್ಡದು, ಇನ್ನೊಂದು ಶಾಲೆಯ ಪಾಟಿಯಷ್ಟು ಅಗಲ. ಹಳ್ಳಿಗಳಿಗೆ ಹೋಗಿ ಮನೆಮನೆಯ ಆರೋಗ್ಯದ ವಿವರ ಬರೆದುಕೊಂಡು ಬರುವುದು ಆ ಸಂಸ್ಥೆಯ ಕೆಲಸ. ಇಷ್ಟು ವರ್ಷ ಅದು ಕಾಗದದ ಮೇಲೆಯೇ ನಡೆದಿತ್ತು. ಇನ್ನು ಮೇಲೆ ನಲವತ್ತು ಕಾರ್ಯಕರ್ತೆಯರಿಗೂ ಟ್ಯಾಬ್ ಕೊಡುವುದೆಂದು ಮೇಲಿನವರು ತೀರ್ಮಾನಿಸಿದ್ದರು. ಸಣ್ಣದೋ ದೊಡ್ಡದೋ ಎನ್ನುವುದಷ್ಟೇ ಬಗೆಹರಿದಿರಲಿಲ್ಲ.

ಆಫೀಸಿನ ಮುಖ್ಯಸ್ಥ ಗುರುಪಾದಯ್ಯ ಇಬ್ಬರನ್ನು ಕರೆಸಿದರು. ಒಬ್ಬಳು ಊರಲ್ಲೇ ಇದ್ದ ಮಿನಾಜ, ಇನ್ನೊಬ್ಬಳು ಅರಕೇರಿಯಿಂದ ದಿನಾ ಬಸ್ಸಿಗೆ ಬರುವ ಲಲಿತಾ. ಪಕ್ಷಪಾತದ ಮಾತು ಬರಬಾರದೆಂದು ಅವರು ಎರಡು ಚೀಟಿ ಮಾಡಿಟ್ಟಿದ್ದರು. ಮಿನಾಜಳ ಚೀಟಿಯಲ್ಲಿ ಸಣ್ಣದು ಬಂತು.

"ಎಂಟ ದಿನ ಹಿಂಗ, ಆಮ್ಯಾಲ ಎಂಟ ದಿನ ಅದಲಾ ಬದಲಿ" ಎಂದರು ಗುರುಪಾದಯ್ಯ. "ಮಿನಾಜ ಮೊದಲ ಟಿಕೋಟಾ ಕಡೆ, ಲಲಿತಾ ಬಬಲೇಶ್ವರ ಕಡೆ. ಪುಟ ತೆಗಿಯಾಕ ಎಷ್ಟ ಹೊತ್ತ ತಗೋತೈತಿ, ಚಾರ್ಜ್ ಎಷ್ಟ ತಾಸ ಬರತೈತಿ, ದಿನಕ್ಕ ಎಷ್ಟ ಮನಿ ಆದವು, ಎಲ್ಲಾ ಗಡಿಯಾರ ನೋಡಿ ಬರೀರಿ. ಅಂದಾಜಿನ ಮ್ಯಾಲ ಬ್ಯಾಡ."

ಮಿನಾಜ ಆರು ವರ್ಷದಿಂದ ಈ ಕೆಲಸದಲ್ಲಿದ್ದವಳು. ಅವಳ ಫಾರ್ಮುಗಳಲ್ಲಿ ಒಂದು ಗೆರೆ ಹೆಚ್ಚಿಲ್ಲ, ಒಂದು ಖಾನೆ ಖಾಲಿಯಿಲ್ಲ. ತಿಂಗಳ ಕೊನೆಗೆ ಯಾರು ಎಷ್ಟು ಮನೆ ಮಾಡಿದರೆಂದು ಆಫೀಸಿನ ಗೋಡೆಗೆ ಹಚ್ಚುವ ಪಟ್ಟಿಯಲ್ಲಿ ಅವಳ ಹೆಸರು ಮೊದಲನೆಯದೋ ಎರಡನೆಯದೋ ಇರುತ್ತಿತ್ತು. ಅದರ ಹೆಮ್ಮೆ ಅವಳಿಗಿತ್ತು. ಬಾಯಿಬಿಟ್ಟು ಹೇಳಿಕೊಳ್ಳುತ್ತಿರಲಿಲ್ಲ, ಅಷ್ಟೇ.

ಹಾಗಾಗಿ ಮೊದಲ ದಿನ ಟಿಕೋಟಾ ಕಡೆಯ ಘೋಣಸಗಿಯಲ್ಲಿ ಆ ಸಣ್ಣ ಟ್ಯಾಬ್ ಅವಳ ತಾಳ್ಮೆ ಕೆಡಿಸಿಬಿಟ್ಟಿತು. ಫಾರ್ಮಿನಲ್ಲಿ ಒಟ್ಟು ನಲವತ್ತೆರಡು ಪ್ರಶ್ನೆ, ಒಂಬತ್ತು ಪುಟ. ಒಂದು ಪುಟ ಮುಗಿಸಿ ಬೆರಳು ಒತ್ತಿದರೆ ಪರದೆಯ ನಡುವೆ ಬಿಳಿ ಚಕ್ರವೊಂದು ತಿರುಗತೊಡಗುತ್ತಿತ್ತು. ಗಡಿಯಾರ ನೋಡಿದಳು: ನಲವತ್ತು ಸೆಕೆಂಡು. ಮುಂದಿನ ಪುಟಕ್ಕೆ ನಲವತ್ತೈದು. ಮನೆಯವರು ಎದುರಿಗೆ ಕುಳಿತು ಅವಳ ಮುಖ ನೋಡುವುದು, ಅವಳು ಚಕ್ರ ನೋಡುವುದು. ಸಂಜೆ ಲಲಿತಾಳ ಫೋನು ಬಂತು.

"ನಂದು ಇಪ್ಪತ್ನಾಕ ಮನಿ ಆತ ಮಿನಾಜ. ಒತ್ತೂದೊಂದ ತಡ, ಪುಟ ತೆರದ ನಿಂತಿರತೈತಿ. ನಿಂದ?"

"ಹನ್ನೆರಡು" ಎಂದಳು ಮಿನಾಜ. ಹೇಳುವಾಗ ಮುಖ ಸಣ್ಣದಾಯಿತು.

ಸಣ್ಣದರಲ್ಲಿ ಗುಣವಿರಲಿಲ್ಲವೆಂದಲ್ಲ. ವ್ಯಾನಿಟಿ ಬ್ಯಾಗಿನಲ್ಲಿ ಕೂರುತ್ತಿತ್ತು, ಒಂದೇ ಕೈಯಲ್ಲಿ ಹಿಡಿದು ನಿಂತುಕೊಂಡೇ ಬರೆಯಬಹುದಿತ್ತು, ಸಂಜೆ ಐದಕ್ಕೂ ಅರ್ಧದಷ್ಟು ಚಾರ್ಜ್ ಉಳಿದಿರುತ್ತಿತ್ತು. ಲಲಿತಾ ಮೂರು ಗಂಟೆಯ ಹೊತ್ತಿಗೇ ಬಬಲೇಶ್ವರದಲ್ಲಿ ಯಾರದೋ ಮನೆಯಲ್ಲಿ ಪ್ಲಗ್ ಕೇಳಿಕೊಂಡು ಕುಳಿತಿದ್ದಳಂತೆ. ಅದನ್ನೆಲ್ಲ ಮಿನಾಜ ಗುರುಪಾದಯ್ಯ ಕೊಟ್ಟ ಲೆಕ್ಕದ ತಖ್ತೆಯಲ್ಲಿ ಪ್ರಾಮಾಣಿಕವಾಗಿ ಬರೆದಳು. ಆದರೂ ಹನ್ನೆರಡೆಂಬುದು ಹನ್ನೆರಡೇ.

ಮೂರನೆಯ ದಿನ ಅದೇ ಕಡೆಯ ಕನಮಡಿಗೆ ಹೋದಳು. ಬೆಳಗಿನ ಹನ್ನೊಂದರ ಹೊತ್ತಿಗೆ ಐದನೆಯ ಮನೆ. ಮನೆಯಾಕೆ ಮಲಕವ್ವ, ನಲವತ್ತೈದರ ಆಸುಪಾಸಿನವಳು, ಒಲೆಯ ಮುಂದೆ ಕುಳಿತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಗಂಡ ಸಿದ್ದರಾಯ ಹೊಲದಲ್ಲಿದ್ದ.

"ಒಳಗ ಬರ್ರಿ ಬಾಯಾರ, ಕುಂದರ್ರಿ. ನಾ ರೊಟ್ಟಿ ಬಡಕೋತ ಹೇಳತೇನಿ, ನೀವ ಬರಕೋರಿ."

ಮಿನಾಜ ಗೋಡೆಗೆ ಒರಗಿ ಕುಳಿತು ಪ್ರಶ್ನೆ ಶುರುಮಾಡಿದಳು. ಜ್ವರ, ಕೆಮ್ಮು, ಸಕ್ಕರೆ ಕಾಯಿಲೆ. ಎಲ್ಲಕ್ಕೂ ಮಲಕವ್ವನದು ಒಂದೇ ಉತ್ತರ, "ಇಲ್ರಿ, ಏನಿಲ್ಲ." ನಾಲ್ಕನೆಯ ಪುಟದ ಕೊನೆಯ ಪ್ರಶ್ನೆ ಬಂತು.

"ಮೈ ಮ್ಯಾಲ ಎಲ್ಲೆರ ಬಣ್ಣಗೆಟ್ಟ ಮಚ್ಚಿ ಐತೇನ್ರಿ, ಮುಟ್ಟಿದ್ರ ತಿಳಿಲಾರದಂಥಾದ್ದು?"

"ಇಲ್ರಿ" ಎಂದಳು ಮಲಕವ್ವ. ಅವಳು ಹೇಳುವ ಮೊದಲೇ ಮಿನಾಜಳ ಬೆರಳು 'ಇಲ್ಲ' ಎಂಬಲ್ಲಿ ಒತ್ತಿ, ಮುಂದಿನ ಪುಟಕ್ಕೂ ಒತ್ತಿ ಆಗಿತ್ತು. ಚಕ್ರ ತಿರುಗತೊಡಗಿತು.

ಮಾಡಲು ಬೇರೇನೂ ಇಲ್ಲದೆ ಮಿನಾಜ ತಲೆ ಎತ್ತಿದಳು. ಹಂಚಿನ ಮೇಲೆ ರೊಟ್ಟಿ ಬೇಯುತ್ತಿತ್ತು. ಮಲಕವ್ವ ಬಟ್ಟೆಯಿಲ್ಲದೆ, ಬರಿಗೈಯಿಂದಲೇ ಅದನ್ನು ತಿರುವಿ ಹಾಕಿದಳು. ಹಳ್ಳಿಯ ಹೆಂಗಸರು ಹಾಗೆ ಮಾಡುವುದು ಹೊಸದೇನಲ್ಲ. ಆದರೆ ತಿರುವಿ ಹಾಕಿದ ಮೇಲೂ ಅವಳ ಎಡಗೈಯ ಕಿರುಬೆರಳು, ಅದರ ಪಕ್ಕದ ಬೆರಳು ಹಂಚಿನ ಅಂಚಿಗೆ ತಾಗಿಕೊಂಡೇ ಇದ್ದವು. ಅವಳ ಕಣ್ಣು ಟ್ಯಾಬಿನ ಮೇಲಿತ್ತು.

"ಅದ್ಯಾಕ್ರಿ ಹಂಗ ಸುತ್ತಾಕತ್ತೈತಿ?" ಎಂದು ಕೇಳಿದಳು.

"ಅಕ್ಕಾರ, ಕೈ!"

"ಏನಾತ್ರಿ?"

"ಕೈ ಸುಡಾಕತ್ತೈತಿ!"

ಮಲಕವ್ವ ಅವಸರವಿಲ್ಲದೆ ಕೈ ತೆಗೆದು ಸೀರೆಗೆ ಒರೆಸಿಕೊಂಡಳು. ಬೆರಳ ತುದಿ ಬೆಳ್ಳಗಾಗಿ ಉಬ್ಬಿತ್ತು. ಅವಳು ನಕ್ಕಳು.

"ಈ ಕೈಗಿ ಬೆಂಕಿ ಹತ್ತಂಗಿಲ್ರಿ ಬಾಯಾರ. ಎರಡ ವರ್ಷಾತು. ನಮ್ಮ ಓಣ್ಯಾಗ ಕೇಳ್ರಿ ಬೇಕಾರ. ಯಾರ ಮನ್ಯಾಗ ಮದಿವಿ ಇದ್ರೂ ರೊಟ್ಟಿ ಬಡ್ಯಾಕ ಮೊದಲ ನನ್ನ ಕರೀತಾರ. ಎಷ್ಟ ಬಡದ್ರೂ ಕೈ ನೋವು ಅನ್ನಂಗಿಲ್ಲ ನಾ."

ಮಿನಾಜಳಿಗೆ ಈಗಷ್ಟೇ ಕೇಳಿದ ಮಚ್ಚೆಯ ಪ್ರಶ್ನೆ ನೆನಪಾಯಿತು. ಟ್ಯಾಬನ್ನು ನೆಲದ ಮೇಲಿಟ್ಟು ಒಲೆಯ ಹತ್ತಿರ ಸರಿದಳು. "ತೋಳು ತೋರಸ್ರಿ" ಎಂದಳು. ಮಲಕವ್ವ ನಗುತ್ತಲೇ ಕುಪ್ಪಸದ ತೋಳು ಮೇಲೆ ಸರಿಸಿದಳು. ಮೊಣಕೈಯ ಹಿಂಬದಿ, ತನಗೆ ತಾನು ಕಾಣದ ಜಾಗದಲ್ಲಿ, ಬಣ್ಣ ಮಾಸಿದ ಒಂದು ಮಚ್ಚೆ. ಮಿನಾಜ ಕಸಬರಿಗೆಯಿಂದ ಒಂದು ಕಡ್ಡಿ ಮುರಿದುಕೊಂಡಳು.

"ಕಣ್ಣ ಮುಚ್ಚರಿ ಅಕ್ಕಾರ. ಮುಟ್ಟಿದ್ದು ಗೊತ್ತಾತಂದ್ರ ಹೂಂ ಅನ್ರಿ."

ಬಲಗೈಗೆ ಮುಟ್ಟಿಸಿದಾಗ ಕೂಡಲೇ ಹೂಂ ಅಂದಳು. ಮಚ್ಚೆಯ ಮೇಲೆ ಮುಟ್ಟಿಸಿದಾಗ ಅನ್ನಲಿಲ್ಲ. ಕಿರುಬೆರಳಿಗೆ ಮುಟ್ಟಿಸಿದಾಗಲೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಮಲಕವ್ವ ಕಣ್ಣು ಮುಚ್ಚಿಕೊಂಡೇ, "ಮುಟ್ಟಾಕತ್ತೀರೋ ಇಲ್ಲೋ?" ಎಂದು ಕೇಳಿದಳು.

ಹಂಚಿನ ಮೇಲಿನ ರೊಟ್ಟಿ ಕರಕಲಾಗಿತ್ತು. ಟ್ಯಾಬಿನಲ್ಲಿ ಮುಂದಿನ ಪುಟ ಯಾವಾಗಲೋ ತೆರೆದು, ಯಾರೂ ನೋಡುವವರಿಲ್ಲದೆ ಕತ್ತಲಾಗಿತ್ತು.

ಮಿನಾಜ ರೋಗದ ಹೆಸರು ಎತ್ತಲಿಲ್ಲ. ತಾನು ಡಾಕ್ಟರಲ್ಲ, ಹೇಳುವ ಹಕ್ಕೂ ತನಗಿಲ್ಲ. ಸಿದ್ದರಾಯ ಹೊಲದಿಂದ ಬರುವವರೆಗೆ ಕಾದು, "ನರದ ತೊಂದರಿ ಇರಬಹುದ್ರಿ, ಒಮ್ಮೆ ವಿಜಯಪುರಕ್ಕ ಕರಕೊಂಡ ಬರ್ರಿ, ನಾ ಜೋಡಿ ಇರ್ತೇನಿ" ಎಂದಳು. ಸಿದ್ದರಾಯ ಹೆಂಡತಿಯ ಕಡೆ ನೋಡಿ, "ಇಕಿಗೇನಾಗೇತ್ರಿ, ಕಲ್ಲ ಇದ್ದಂಗ ಅದಾಳ" ಎಂದ. ಆದರೆ ಉಬ್ಬಿದ ಆ ಬೆರಳನ್ನು ಹಿಡಿದು ಬಹಳ ಹೊತ್ತು ನೋಡಿದ. ಆ ದಿನ ಮಿನಾಜಳದು ಒಂಬತ್ತೇ ಮನೆಯಾಯಿತು.

ಎರಡು ದಿನ ಬಿಟ್ಟು ಗಂಡ ಹೆಂಡತಿ ಬಂದರು. ಮಿನಾಜ ರಜೆ ಹಾಕಿ ಬಸ್‌ಸ್ಟ್ಯಾಂಡಿನಲ್ಲಿ ಕಾದು ನಿಂತಿದ್ದಳು. ಆಸ್ಪತ್ರೆಯ ಡಾಕ್ಟರಮ್ಮ ಮೊಣಕೈಯ ಒಳಗಿನ ನರವನ್ನು ಬೆರಳಿನಿಂದ ತಡವಿ ನೋಡಿದರು, ಸೂಜಿಯಿಂದ ಚುಚ್ಚಿ ನೋಡಿದರು, ಚರ್ಮದ ಪರೀಕ್ಷೆಗೂ ಬರೆದರು. ಆಮೇಲೆ ಬಾಗಿಲು ಮುಚ್ಚಿ, ಹೆಸರನ್ನು ನೇರವಾಗಿಯೇ ಹೇಳಿದರು. ಕುಷ್ಠ. ಹೆದರುವ ಕಾರಣವಿಲ್ಲ, ಗುಳಿಗೆ ಪುಕ್ಕಟೆ, ಒಂದು ವರ್ಷ ತಪ್ಪದೆ ನುಂಗಬೇಕು. ಗುಳಿಗೆ ಶುರುವಾದ ಮೇಲೆ ಇನ್ನೊಬ್ಬರಿಗೆ ಹತ್ತುವ ಭಯವಿಲ್ಲ. ಕೈಗೆ ಮೊದಲಿನ ಸ್ಪರ್ಶ ಪೂರ್ತಿ ಬರುತ್ತದೆಂದು ಹೇಳಲಾಗದು. ಆದರೆ ಹೀಗೇ ಬಿಟ್ಟಿದ್ದರೆ ಬೆರಳು ಮಡಚಿಕೊಂಡು ಹೋಗುತ್ತಿದ್ದವು.

ಮಲಕವ್ವ ಹೊರಗೆ ಬಂದು ವರಾಂಡದ ಬೆಂಚಿನ ತುದಿಗೆ ಕುಳಿತಳು. ಮಿನಾಜ ಹತ್ತಿರ ಕೂರಲು ಹೋದರೆ ಸೆರಗು ಎಳೆದುಕೊಂಡು ಸರಿದಳು.

"ಊರಾಗ ಗೊತ್ತಾದ್ರ ನನ್ನ ಕೈಯಾನ ರೊಟ್ಟಿ ಯಾರ ತಿಂತಾರ?" ಎಂದಳು. "ನೀವ ಬರದಿದ್ರ ಚಲೋ ಇತ್ರಿ ಬಾಯಾರ. ನನಗೇನ ನೋವಿತ್ತ? ನಾ ಕೇಳಿದ್ನೇನ ನಿಮಗ?"

ಊರಲ್ಲಿ ತನ್ನ ಬಾಯಿಂದ ಯಾರಿಗೂ ತಿಳಿಯುವುದಿಲ್ಲ ಎಂದಷ್ಟೇ ಮಿನಾಜ ಹೇಳಿದಳು. ಆಸ್ಪತ್ರೆಯ ಮುಂದಿನ ಹೋಟೆಲಿನಲ್ಲಿ ಮೂವರೂ ಚಹಾಕ್ಕೆ ಕುಳಿತಾಗ ಮಲಕವ್ವ ತನ್ನ ಕಪ್ಪನ್ನು ಮುಟ್ಟಲಿಲ್ಲ. "ನೀವ ಕುಡೀರಿ, ನನ್ನ ಬ್ಯಾರೆ ಇಡ್ರಿ" ಎಂದಳು. ಸಿದ್ದರಾಯ ಅವಳ ಕಪ್ಪನ್ನು ಎತ್ತಿ ಅದರ ಕೆಳಗಿನ ಬಸಿಗೆ ಸುರಿದು, ಅರ್ಧ ತಾನು ಕುಡಿದು, ಉಳಿದರ್ಧವನ್ನು ಅವಳ ಕಡೆ ಸರಿಸಿದ. "ಆರತೈತಿ, ಕುಡಿ" ಎಂದ. ಅವಳು ಆಚೆ ಮುಖ ಮಾಡಿಕೊಂಡು ಕುಡಿದಳು. ಮಿನಾಜ ತನ್ನ ಚಹಾ ಮುಗಿಸುವವರೆಗೆ ಮೇಜಿನ ಮೇಲಿನಿಂದ ಕಣ್ಣೆತ್ತಲಿಲ್ಲ.

ಮುಂದಿನ ವಾರ ಟ್ಯಾಬ್‌ಗಳು ಅದಲು ಬದಲಾದವು. ಮಿನಾಜ ದೊಡ್ಡದನ್ನು ಎದೆಗವಚಿಕೊಂಡು ಬಬಲೇಶ್ವರದ ಬಸ್ ಹತ್ತಿದಳು. ಲಲಿತಾ ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಬೆರಳು ಎತ್ತುವುದರೊಳಗೆ ಮುಂದಿನ ಪುಟ ಬಂದು ನಿಂತಿರುತ್ತಿತ್ತು. ಅಕ್ಷರಗಳು ದಪ್ಪ, ಫೋಟೋ ನಿಚ್ಚಳ. ಪೀರಸಾಬ ಎನ್ನುವ ಮುದುಕರೊಬ್ಬರು ಕನ್ನಡಕವಿಲ್ಲದೆಯೇ ಪರದೆಯನ್ನು ಓದಿ, "ನನ್ನ ವಯಸ್ಸ ಎಪ್ಪತ್ತೊಂದ ಅಲ್ಲವ್ವಾ, ಅರವತ್ತೊಂಬತ್ತು, ಎರಡ ವರ್ಷ ಯಾಕ ಸುಮ್ನ ಕೊಡತಿ?" ಎಂದು ತಿದ್ದಿಸಿದರು. ಸಣ್ಣದರಲ್ಲಿ ಅದು ಆಗುತ್ತಿರಲಿಲ್ಲ. ಮೊದಲ ದಿನವೇ ಇಪ್ಪತ್ತಾರು ಮನೆ. ಇಷ್ಟು ದಿನದ ಅವಮಾನವೆಲ್ಲ ತೊಳೆದುಹೋದಂತಾಯಿತು.

ಆ ಸಂಜೆ ವಿಜಯಪುರಕ್ಕೆ ಮರಳುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮಿನಾಜ ದಿನದ ಫಾರ್ಮುಗಳನ್ನು ಒಂದೊಂದಾಗಿ ತೆರೆದು ನೋಡಿದಳು. ಮಚ್ಚೆಯ ಪ್ರಶ್ನೆಗೆ ಇಪ್ಪತ್ತಾರು ಮನೆಯಲ್ಲೂ 'ಇಲ್ಲ'. ಅದು ನಿಜವೇ ಇರಬಹುದು, ಮಚ್ಚೆ ಎಲ್ಲೆಡೆ ಇರಲೇಬೇಕೆಂದೇನೂ ಇಲ್ಲ. ಆದರೆ ಅವಳು ಕಣ್ಣು ಮುಚ್ಚಿ ಆ ಮನೆಗಳ ಹೆಂಗಸರ ಕೈಗಳನ್ನು ನೆನಪಿಸಿಕೊಳ್ಳಲು ನೋಡಿದಳು. ಒಂದು ಕೈಯೂ ನೆನಪಿಗೆ ಬರಲಿಲ್ಲ. ಮುಖಗಳೂ ಸರಿಯಾಗಿ ಬರಲಿಲ್ಲ. ಪೀರಸಾಬರೊಬ್ಬರನ್ನು ಬಿಟ್ಟರೆ ನೆನಪಿದ್ದದ್ದು ಪರದೆ ಮಾತ್ರ.

ಮರುದಿನ ಬೇಕೆಂದೇ ನಿಧಾನ ಮಾಡಲು ನೋಡಿದಳು. ಆಗ ಇನ್ನೊಂದು ಸಂಗತಿ ಗಮನಕ್ಕೆ ಬಂತು. ತೊಡೆಯ ಮೇಲೆ ಆ ಅಗಲದ ಟ್ಯಾಬ್ ಇಟ್ಟುಕೊಂಡು ಕುಳಿತರೆ ಜನ ನೆಟ್ಟಗಾಗುತ್ತಿದ್ದರು. ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತಿದ್ದರು, ಸರ್ಕಾರದವರು ತನಿಖೆಗೆ ಬಂದಾಗ ಹೇಳುವಂತೆ "ಎಲ್ಲಾ ಚಲೋ ಐತ್ರಿ" ಎನ್ನುತ್ತಿದ್ದರು. ಸಣ್ಣದನ್ನು ಅವರು ಮೊಬೈಲೆಂದೇ ತಿಳಿದು ಮಾತು ಮುಂದುವರಿಸುತ್ತಿದ್ದರು, ಒಲೆಯ ಕೆಲಸ ಬಿಡುತ್ತಿರಲಿಲ್ಲ. ಮಲಕವ್ವನ ಎದುರು ಈ ದೊಡ್ಡದು ಇದ್ದಿದ್ದರೆ ಅವಳು ಹಂಚು ಇಳಿಸಿ, ಕೈ ತೊಳೆದು ಬಂದು ಕೂರುತ್ತಿದ್ದಳೇನೋ.

ಭಾನುವಾರ ಕನಮಡಿಗೆ ಹೋಗಿಬಂದಳು. ಆರೋಗ್ಯ ಇಲಾಖೆಯವರು ಬಂದು ಮನೆಯ ಉಳಿದವರನ್ನೂ ನೋಡಿದ್ದರು, ಯಾರಿಗೂ ಏನೂ ಇರಲಿಲ್ಲ. ಮಲಕವ್ವ ಚಿಮಟಾ ಹಿಡಿದು ರೊಟ್ಟಿ ತಿರುವುತ್ತಿದ್ದಳು. ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಮಿನಾಜ ಅರ್ಧ ಗಂಟೆ ಕುಳಿತಳು. ಏಳುವಾಗ ಮಲಕವ್ವ, "ಗುಳಿಗಿ ನುಂಗಿದ್ರ ಉಚ್ಚಿ ಕೆಂಪ ಬರಾಕತ್ತೈತಿ, ಅದಕೇನರ ಆಗತೈತೇನ ತಂಗಿ?" ಎಂದು ಮೆಲ್ಲಗೆ ಕೇಳಿದಳು. ಆ ಗುಳಿಗೆಗೆ ಹಾಗೆ ಆಗುವುದೇ ಸರಿ, ಹೆದರಬೇಡಿ ಎಂದಳು ಮಿನಾಜ. ತಾನು 'ಬಾಯಾರ' ಹೋಗಿ 'ತಂಗಿ' ಆದದ್ದು ಬಸ್ ಹತ್ತಿದ ಮೇಲೆ ಅವಳಿಗೆ ಹೊಳೆಯಿತು.

ವರದಿಯ ಹಿಂದಿನ ದಿನ ಆಫೀಸಿನ ಕಟ್ಟೆಯ ಮೇಲೆ ಕುಳಿತು ಲಲಿತಾಳಿಗೆ ಹೇಳಿದಳು, "ನಾ ಸಣ್ಣದ ಚಲೋ ಅಂತ ಬರೀತೇನಿ."

"ಯಾಕ?"

ಮಿನಾಜ ಹೆಸರು, ಊರು ಬಿಟ್ಟು ನಡೆದದ್ದನ್ನೆಲ್ಲ ಹೇಳಿದಳು. ಲಲಿತಾ ಪೂರ್ತಿ ಕೇಳಿ, ತಲೆ ಅಲ್ಲಾಡಿಸಿದಳು.

"ನಾನೂ ಆ ಸಣ್ಣದರ ಜೋಡಿ ಎಂಟ ದಿನ ತಿರಗೇನಲ್ಲ. ಚಕ್ರ ಸುತ್ತೂ ಹೊತ್ತಿನ್ಯಾಗ ನಾ ಏನ ಮಾಡ್ತಿದ್ನಿ ಗೊತ್ತೇನ? ಮೊಬೈಲ್ ತಗದು ಮಗಳ ಸಾಲಿ ಗ್ರೂಪ್ ನೋಡ್ತಿದ್ನಿ. ಯಾರ ಕೈನೂ ನೋಡ್ಲಿಲ್ಲ ನಾ. ಟಿಕೋಟಾದಾಗ ಒಬ್ಬಾಕಿ ಕೂಸಿನ್ನ ಎತ್ಕೊಂಡು ಕಾದ ಕಾದ ಬ್ಯಾಸತ್ತು, ಅರ್ಧಕ್ಕ ಎದ್ದ ಹೋದ್ಲು. ಆ ಫಾರ್ಮ್ ಹಂಗ ಉಳೀತು. ಸಣ್ಣದು ಏನೂ ಮಾಡಿಲ್ಲ ಮಿನಾಜ. ನೋಡಿದಾಕಿ ನೀ."

ಈ ಮಾತು ಮಿನಾಜಳಿಗೆ ಒಮ್ಮೆಲೆ ಒಗ್ಗಲಿಲ್ಲ. ಮನೆಗೆ ನಡೆಯುತ್ತ ಅದನ್ನೇ ಯೋಚಿಸಿದಳು. ಲಲಿತಾ ತನ್ನನ್ನು ಹೊಗಳಿದ್ದಳು, ಆದರೆ ಹೊಗಳಿಕೆ ಚುಚ್ಚುತ್ತಿತ್ತು. ನೋಡಿದ್ದು ಒಂದು ಸಲ. ಅದೂ ಬೇಕೆಂದು ನೋಡಿದ್ದಲ್ಲ, ಬೆರಳಿಗೆ ಕೆಲಸವಿಲ್ಲದ್ದಕ್ಕೆ ಕಣ್ಣು ಎತ್ತಿದ್ದು. ಕಾಗದದ ಕಾಲದಲ್ಲಿ ಅವಳನ್ನು ಕಾಯಿಸುವ ಚಕ್ರವಿರಲಿಲ್ಲ. ಆ ಆರು ವರ್ಷ ಎಷ್ಟು ಮನೆಗಳಲ್ಲಿ, ಉತ್ತರ ಬರುವ ಮೊದಲೇ ತನ್ನ ಪೆನ್ನು 'ಇಲ್ಲ' ಎಂದು ಬರೆದಿತ್ತು?

ಮರುದಿನ ಗುರುಪಾದಯ್ಯ ಇಬ್ಬರ ತಖ್ತೆಗಳನ್ನೂ ಪಕ್ಕಪಕ್ಕ ಇಟ್ಟು ಓದಿದರು. ಪುಟ ತೆರೆಯಲು ಸಣ್ಣದಕ್ಕೆ ನಲವತ್ತೆರಡು ಸೆಕೆಂಡು, ದೊಡ್ಡದಕ್ಕೆ ಎರಡು. ಚಾರ್ಜಿನಲ್ಲಿ, ತೂಕದಲ್ಲಿ ಸಣ್ಣದು ಮೇಲು. ಫೋಟೋ, ಅಕ್ಷರದಲ್ಲಿ ದೊಡ್ಡದು. ದಿನದ ಮನೆಗಳು ಹನ್ನೆರಡು, ಇಪ್ಪತ್ತೈದು.

"ಇದರಾಗ ವಿಚಾರ ಮಾಡೂದೇನೈತಿ?" ಎಂದರು. "ದೊಡ್ಡದ ತರಸೋಣು. ಜೋಡಿ ಒಂದೊಂದ ಪವರ್ ಬ್ಯಾಂಕ್. ಮುಂದಿನ ತಿಂಗಳಿಂದ ದಿನಕ್ಕ ಇಪ್ಪತ್ತೈದ ಮನಿ ಅಂತ ಹಿಡಿಯೋಣು."

"ದೊಡ್ಡದನ್ನ ತರಸ್ರಿ ಸರ್" ಎಂದಳು ಮಿನಾಜ. "ಆದ್ರ ಮನಿ ಹದಿನೈದರ ಮ್ಯಾಲ ಬ್ಯಾಡ್ರಿ."

ಗುರುಪಾದಯ್ಯ ಕನ್ನಡಕ ತೆಗೆದರು. "ಹದಿನೈದ ಮನಿ ಮಾಡಾಕ ಜೋರ ಓಡೂ ಟ್ಯಾಬ್ ಯಾಕ ಬೇಕವ್ವಾ?"

"ಉಳದ ಹೊತ್ತ ನಮಗ ಕೊಡ್ರಿ, ಮನಿ ಮಂದಿನ್ನ ನೋಡಾಕ." ನಿಲ್ಲಿಸಿದರೆ ಮತ್ತೆ ಹೇಳಲಾಗದೆಂದು ಮುಂದುವರಿಸಿದಳು. "ಟಿಕೋಟಾ ಕಡೆ ಒಬ್ಬಾಕಿಗೆ ರೋಗ ಇತ್ತು ಸರ್. ಆಕಿ ಬಾಯಿ ತೆಗಿಯೂಕಿಂತ ಮೊದಲ ನಾ 'ಇಲ್ಲ' ಅಂತ ಒತ್ತಿದ್ನಿ. ಆ ಪುಟ ಗಕ್ಕನ ತೆರದಿತ್ತಂದ್ರ ನಾ ಮುಂದಿನ ಮನಿಗೆ ಹೋಗಿರ್ತಿದ್ನಿ. ಆಕಿ ಬೆರಳು ಹೋಗ್ತಿದ್ದವು."

"ಹಂಗ ಮೊದಲ ಒತ್ತೂದು... ಎಷ್ಟ ಫಾರ್ಮ್‌ನ್ಯಾಗ ಮಾಡೀರಿ?"

"ನೆನಪಿಲ್ಲ ಸರ್. ಭಾಳ."

ಗುರುಪಾದಯ್ಯ ನೊಂದುಕೊಂಡದ್ದು ಮುಖದ ಮೇಲೆ ಕಾಣುತ್ತಿತ್ತು. ಹೊಸಬರಿಗೆಲ್ಲ ಅವರು ತೋರಿಸುತ್ತಿದ್ದುದು ಮಿನಾಜಳ ಫಾರ್ಮುಗಳನ್ನೇ. ಲಲಿತಾ, "ನಾನೂ ಮಾಡೇನ್ರಿ ಸರ್" ಎಂದಳು, ನೆಲ ನೋಡುತ್ತ.

ಹದಿನೈದಕ್ಕೆ ಅವರು ಒಪ್ಪಲಿಲ್ಲ. ಮೇಲಿನವರಿಗೆ ಉತ್ತರ ಕೊಡುವವರು ಅವರು. ಕೊನೆಗೆ ಹದಿನೆಂಟಕ್ಕೆ ನಿಂತರು, ಅದೂ ಮೂರು ತಿಂಗಳ ಮಟ್ಟಿಗೆ. ಗೋಡೆಯ ಪಟ್ಟಿಯನ್ನು ಆ ತಿಂಗಳು ಹಚ್ಚಲಿಲ್ಲ. ಯಾಕೆಂದು ಯಾರಿಗೂ ಹೇಳಲಿಲ್ಲ. ಮಿನಾಜ ಬಬಲೇಶ್ವರದ ಮೊದಲ ದಿನದ ಇಪ್ಪತ್ತಾರು ಮನೆಗಳನ್ನು ಮತ್ತೆ ಮಾಡಿಬರುತ್ತೇನೆಂದಾಗ, "ಅದು ನಿಮ್ಮ ಲೆಕ್ಕಕ್ಕ ಹಿಡಿಯಂಗಿಲ್ಲ ನೋಡ್ರಿ" ಎಂದರು. ಆಗಲಿ ಎಂದಳು.

ಬಬಲೇಶ್ವರದಲ್ಲಿ ಮೊದಲನೆಯ ಮನೆಯ ಜೀನತ, ಬಾಗಿಲಲ್ಲಿ ಅವಳನ್ನು ಕಂಡು ಹುಬ್ಬು ಗಂಟಿಕ್ಕಿದಳು.

"ಮೊನ್ನೆರ ಬಂದ ಬರಕೊಂಡ ಹೋದ್ರೆಲ್ಲಾ. ಮತ್ಯಾಕ ಬಂದ್ರಿ?"

"ಅವತ್ತ ಗಡಿಬಿಡಿ ಮಾಡಿದ್ನಿ ಅಕ್ಕಾ. ನೀವ ಹೇಳಿದ್ದ ನಾ ಸರಿಯಾಗಿ ಕೇಳ್ಲಿಲ್ಲ."

ಜೀನತಳಿಗೆ ನಗು ಬಂತು. "ನಾ ಹೇಳಿದ್ದರ ಏನೈತಿ? ನೀವ ಕೇಳಿದ್ದಕ್ಕೆಲ್ಲಾ ಇಲ್ಲ ಇಲ್ಲ ಅಂದ್ನಿ" ಎನ್ನುತ್ತ ಚಾಪೆ ಹಾಸಿದಳು. ಮಿನಾಜ ಚೀಲವನ್ನು ಪಕ್ಕಕ್ಕಿಟ್ಟು, ಟ್ಯಾಬನ್ನು ಹೊರಗೆ ತೆಗೆಯದೆ ಕುಳಿತಳು. ಮಳೆ, ಮಕ್ಕಳು, ಏರಿದ ಎಣ್ಣೆಯ ರೇಟು, ಮಾತು ಎಲ್ಲೆಲ್ಲೋ ಹೋಯಿತು. ಹತ್ತು ನಿಮಿಷವಾಗಿರಬೇಕು, ತಾನು ಎಡಗಿವಿಯ ಕಡೆಯಿಂದ ಮಾತಾಡಿದಾಗಲೆಲ್ಲ ಜೀನತ ತಲೆ ಹೊರಳಿಸುವುದನ್ನು ಮಿನಾಜ ಕಂಡಳು, ಯಾಕೆಂದು ಕೇಳಿದಳು. ಜೀನತ ಬಾಗಿಲ ಕಡೆ ಒಮ್ಮೆ ನೋಡಿ, ಸ್ವರ ತಗ್ಗಿಸಿ ಹೇಳತೊಡಗಿದಳು.

ಇಪ್ಪತ್ತಾರು ಮನೆ ಮುಗಿಯಲು ನಾಲ್ಕು ದಿನ ಹಿಡಿಯಿತು. ಮಚ್ಚೆ ಯಾರಲ್ಲೂ ಸಿಗಲಿಲ್ಲ. ಬೇರೆ ಏಳು ಉತ್ತರಗಳು ಬದಲಾದವು.